ಕೊಂಡಿಯ ನಕ್ಷೆಗಳು ಮತ್ತು ಅವುಗಳ ವಿನಿಮಯ

ಚೆನ್ನೈ ನಗರದ ಗಿಂಡಿಯು ನಕ್ಷೆಯ ವಿದ್ಯೆಗೆ ಹೆಸರಾದ ನೆಲೆ. ಮೈಕೇಲ್ ಟಾಪಿಂಗನು 1794ರಲ್ಲಿ ಮದರಾಸಿನಲ್ಲಿ ಆರಂಭಿಸಿದ ಮೋಜಣಿಯ ಶಾಲೆಯೇ ಬೆಳೆದು ಇಂಜಿನಿಯರಿಂಗ್ ಕಾಲೇಜಾಗಿ, 1920ರಲ್ಲಿ ಗಿಂಡಿಗೆ ಬಂದು ನೆಲೆಸಿತು. 1978ರಿಂದ ಅದು ಅಣ್ಣಾ ವಿಶ್ವವಿದ್ಯಾಲಯದ ಅಂಗವಾಗಿದೆ. ಇಲ್ಲಿಗೆ ಸಮೀಪದ ಸೇಂಟ್ ಥಾಮಸ್ ಬೆಟ್ಟದ ಬಳಿ 1802ರಲ್ಲಿ ವಿಲಿಯಂ ಲ್ಯಾಂಬ್ಟನ್ನನು ಸುಮಾರು ಏಳೂವರೆ ಮೈಲಿ ಉದ್ದದ ಆಧಾರರೇಖೆಯನ್ನು ಅಳೆದು, ಅದರಿಂದ ತ್ರಿಕೋನಗಳ ಸರಪಳಿಯನ್ನು ಪಶ್ಚಿಮಕ್ಕೆ ಹಬ್ಬಿಸಿದನು. 1804ರಲ್ಲಿ ಬೆಂಗಳೂರಿನ ಬಳಿ ಇನ್ನೊಂದು ರೇಖೆಯನ್ನು ನೆಲದ ಮೇಲೆ ಅಳೆದು, ಮದರಾಸಿನಿಂದ ಲೆಕ್ಕಹಾಕಿ ಬಂದ ಉದ್ದದೊಡನೆ ಹೋಲಿಸಿದಾಗ ವ್ಯತ್ಯಾಸವು ಕೆಲವೇ ಅಂಗುಲಗಳಷ್ಟಿತ್ತು. ಒಂದೆಡೆಯ ಕೆಲಸವನ್ನು ಇನ್ನೊಂದೆಡೆಯ ಕೆಲಸದೊಡನೆ ಕೂಡಿಸುವಾಗ ನಂಬಿಕೆಯೊಂದೇ ಸಾಲದು, ತಾಳೆನೋಡುವುದೂ ಅವಶ್ಯಕವೆಂಬುದಕ್ಕೆ ಇದು ಉತ್ತಮ ನಿದರ್ಶನ.

ಇಂದು ನಕ್ಷೆಗಳು ಬಟ್ಟೆಯ ಮೇಲಿಲ್ಲ, ಕಂಪ್ಯೂಟರಿನಲ್ಲಿವೆ. ಆದರೆ ಕೂಡಿಸುವ ಸಮಸ್ಯೆಯು ಹಾಗೆಯೇ ಉಳಿದಿದೆ. 2016ರ ಸೆಪ್ಟೆಂಬರಿನಲ್ಲಿ ಸಂಚಾರಕ್ಕೆ ತೆರೆದ ಗಿಂಡಿಯ ಮೆಟ್ರೋ ನಿಲ್ದಾಣವನ್ನು ನೋಡಿ. ಹಳೆಯ ಉಪನಗರ ರೈಲುನಿಲ್ದಾಣದ ಮಗ್ಗುಲಲ್ಲಿ, ವಾಹನಗಳಿಂದ ಕಿಕ್ಕಿರಿದ ಹೆದ್ದಾರಿಯ ಬದಿಯಲ್ಲಿ, ಅದು ನೆಲದಿಂದ ಮೇಲೆದ್ದು ನಿಂತಿದೆ. ಇಂಥ ಕಟ್ಟಡವೊಂದಕ್ಕೆ ಮೋಜಣಿದಾರರು, ವಾಸ್ತುಶಿಲ್ಪಿಗಳು, ಕಂಬತೊಲೆಗಳ ಇಂಜಿನಿಯರರು, ಹಳಿ, ವಿದ್ಯುತ್ತು, ನೀರು ಮತ್ತು ಸಂಕೇತಗಳ ತಜ್ಞರು ಬೇರೆ ಬೇರೆ ಕಚೇರಿಗಳಲ್ಲಿ ಕುಳಿತು ನಕ್ಷೆ ಬರೆಯಬೇಕಾಗುತ್ತದೆ. ಅವರೆಲ್ಲರ ಗೆರೆಗಳೂ ಕೊನೆಗೆ ಒಂದೇ ಕಾಂಕ್ರೀಟಿನಲ್ಲಿ ಸೇರಬೇಕು. ಅವು ಸೇರುವ ಬಗೆಯೆಂತು ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ವಿನಿಮಯಕ್ಕೆ ಎರಡು ದಾರಿಗಳುಂಟು. ವಾಸ್ತುಶಿಲ್ಪಿಯ ನಕ್ಷೆಯನ್ನು ಇಂಜಿನಿಯರನು ತನ್ನ ನಕ್ಷೆಯೊಳಕ್ಕೆ ನಕಲು ಮಾಡಿಕೊಳ್ಳುವುದು ಮೊದಲನೆಯದು. ಇದು ಸುಲಭ, ಆದರೆ ವಾಸ್ತುಶಿಲ್ಪಿಯು ಮರುದಿನ ಗೋಡೆಯೊಂದನ್ನು ಸರಿಸಿದರೆ ನಕಲಿಗೆ ಅದರ ಸುದ್ದಿಯೇ ತಿಳಿಯುವುದಿಲ್ಲ. ಎರಡನೆಯದು ಕೊಂಡಿಯ ದಾರಿ. 1982ರಲ್ಲಿ ಹೊರಬಂದ ಆಟೋಕ್ಯಾಡ್ ಎಂಬ ತಂತ್ರಾಂಶದಲ್ಲಿ ಈ ಸೌಕರ್ಯವು 1990ರ ಹನ್ನೊಂದನೆಯ ಆವೃತ್ತಿಯಿಂದ ದೊರೆಯಿತು. ಬಳಕೆಯಲ್ಲಿ ಇದಕ್ಕೆ ಎಕ್ಸ್‌ರೆಫ್ ಎನ್ನುತ್ತಾರೆ. ಇದರಲ್ಲಿ ಇಂಜಿನಿಯರನ ಕಡತವು ವಾಸ್ತುಶಿಲ್ಪಿಯ ಗೆರೆಗಳನ್ನು ತನ್ನೊಳಗೆ ಇಟ್ಟುಕೊಳ್ಳುವುದಿಲ್ಲ. ಆ ನಕ್ಷೆಯಿರುವ ಫೋಲ್ಡರಿನ ವಿಳಾಸವನ್ನು ಮಾತ್ರ ಬರೆದಿಟ್ಟುಕೊಳ್ಳುತ್ತದೆ. ಕಡತವನ್ನು ತೆರೆದಾಗಲೆಲ್ಲ ತಂತ್ರಾಂಶವು ಆ ವಿಳಾಸಕ್ಕೆ ಹೋಗಿ, ಅಂದಿನ ನಕ್ಷೆಯನ್ನು ತಂದು ತೋರಿಸುತ್ತದೆ.

ಬ್ಯಾಂಕಿನ ವ್ಯವಹಾರವನ್ನು ಬಲ್ಲವರಿಗೆ ಇದು ಹೊಸದಲ್ಲ. ನಕಲು ನಗದಿನಂತೆ, ಕೊಂಡಿಯು ಚೆಕ್ಕಿನಂತೆ. ಚೆಕ್ಕಿನೊಳಗೆ ಹಣವಿರುವುದಿಲ್ಲ, ಹಣವು ಎಲ್ಲಿದೆಯೆಂಬ ನಿರ್ದೇಶನವಿರುತ್ತದೆ. ಆ ಖಾತೆಯು ಅಲ್ಲಿ ಇಲ್ಲದಿದ್ದರೆ ಚೆಕ್ಕು ಬರಿಯ ಕಾಗದ. ಕೊಂಡಿಯ ನಕ್ಷೆಗಳ ವಿನಿಮಯದಲ್ಲಿ ಉಂಟಾಗುವ ತೊಡಕುಗಳಲ್ಲಿ ಬಹುಪಾಲು ಈ ಒಂದು ಸಂಗತಿಯನ್ನು ಮರೆಯುವುದರಿಂದಲೇ ಹುಟ್ಟುತ್ತವೆ.

ತೊಡಕುಗಳಲ್ಲಿ ಮೊದಲನೆಯದು ವಿಳಾಸದ್ದು. ಕಳುಹಿಸುವವನ ಕಂಪ್ಯೂಟರಿನ ಪೂರ್ಣ ವಿಳಾಸವನ್ನೇ ಕೊಂಡಿಯಲ್ಲಿ ಬರೆದಿದ್ದರೆ, ಪಡೆಯುವವನ ಕಚೇರಿಯಲ್ಲಿ ಅಂಥ ಸ್ಥಳವೇ ಇರಲಾರದು. ಆಗ ನಕ್ಷೆಯ ಬದಲು ಕಡತದ ಹೆಸರಿನ ಒಂದು ಸಾಲು ಮಾತ್ರ ತೆರೆಯ ಮೇಲೆ ಕಾಣುತ್ತದೆ. ಆದಕಾರಣ ‘ಈ ಫೋಲ್ಡರಿಗೆ ಮಗ್ಗುಲ ಫೋಲ್ಡರು’ ಎಂಬ ಬಗೆಯ ಸಾಪೇಕ್ಷ ವಿಳಾಸವನ್ನು ಬಳಸಿ, ಎಲ್ಲ ಕಚೇರಿಗಳೂ ಫೋಲ್ಡರುಗಳನ್ನು ಒಂದೇ ಕ್ರಮದಲ್ಲಿ ಜೋಡಿಸಿಕೊಳ್ಳುವುದು ಮೇಲು. ನಕ್ಷೆ, ಅದಕ್ಕೆ ತಗುಲಿದ ಇತರ ನಕ್ಷೆಗಳು, ಚಿತ್ರಗಳು, ಅಕ್ಷರಮಾದರಿಗಳು ಇವೆಲ್ಲವನ್ನೂ ಒಂದು ಗಂಟಾಗಿ ಕಟ್ಟಿಕೊಡುವ ಈಟ್ರಾನ್ಸ್‌ಮಿಟ್ ಎಂಬ ಆಜ್ಞೆಯೂ ಆಟೋಕ್ಯಾಡಿನಲ್ಲಿದೆ.

ಎರಡನೆಯದು ಕೊಂಡಿಯೊಳಗಿನ ಕೊಂಡಿ. ವಿದ್ಯುತ್ತಿನ ನಕ್ಷೆಗೆ ವಾಸ್ತುನಕ್ಷೆ, ವಾಸ್ತುನಕ್ಷೆಗೆ ಮೋಜಣಿಯ ನಕ್ಷೆ ಸೇರಿಕೊಂಡಿರುತ್ತದೆ. ‘ಅಟ್ಯಾಚ್’ ಎಂಬ ವಿಧದಿಂದ ಸೇರಿಸಿದ ನಕ್ಷೆಯು ಮುಂದಿನ ಕೈಗೂ ಹರಿದುಹೋಗುತ್ತದೆ. ‘ಓವರ್‌ಲೇ’ ಎಂಬ ವಿಧದಿಂದ ಸೇರಿಸಿದುದು ಅಲ್ಲಿಯೇ ನಿಲ್ಲುತ್ತದೆ. ಇಬ್ಬರು ಪರಸ್ಪರ ಒಬ್ಬರ ನಕ್ಷೆಯನ್ನೊಬ್ಬರು ಸೇರಿಸಿಕೊಳ್ಳಬೇಕಾದಾಗ ಎರಡನೆಯ ವಿಧವನ್ನು ಅನುಸರಿಸದಿದ್ದರೆ ಕೊಂಡಿಯು ಸುತ್ತಿ ತನ್ನಲ್ಲಿಗೇ ಮರಳುತ್ತದೆ.

ಮೂರನೆಯದು ಮೂಲಬಿಂದು. ಎಲ್ಲ ತಂಡಗಳೂ ಒಂದೇ ಬಿಂದುವಿನಿಂದ, ಒಂದೇ ಮಾನದಲ್ಲಿ ಅಳೆಯದಿದ್ದರೆ ಕೊಂಡಿಯು ಸರಿಯಿದ್ದರೂ ಕಟ್ಟಡವು ಸರಿಯಾಗದು. ಭೂಮಿಯನ್ನು ಪಟ್ಟಿಗಳಾಗಿ ಸೀಳಿ ಅಳೆಯುವ ಯು.ಟಿ.ಎಂ. ಪದ್ಧತಿಯಲ್ಲಿ ಬೆಂಗಳೂರು 43ನೆಯ ವಲಯಕ್ಕೂ ಚೆನ್ನೈ 44ನೆಯ ವಲಯಕ್ಕೂ ಸೇರುತ್ತವೆ. ಬೆಂಗಳೂರಿನ ಕಚೇರಿಯು ತನ್ನ ಊರಿನ ಮಾದರಿ ಕಡತವನ್ನೇ ಗಿಂಡಿಯ ಕೆಲಸಕ್ಕೆ ಆಧಾರವಾಗಿ ಹಿಡಿದರೆ, ಅದರ ಗೆರೆಗಳು ಬಹುದೂರಕ್ಕೆ ಹೋಗಿ ಬೀಳುವುವು. ಇಷ್ಟು ದೊಡ್ಡ ತಪ್ಪು ಕಣ್ಣಿಗೆ ಬೀಳುತ್ತದೆ. ಅಂಗುಲಗಳ ತಪ್ಪು ಬೀಳುವುದಿಲ್ಲ, ಅದೇ ಹೆಚ್ಚು ಅಪಾಯಕರ.

ನಾಲ್ಕನೆಯದು ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದುದು. ನಾಮಫಲಕಗಳ ನಕ್ಷೆಯಲ್ಲಿನ ಕನ್ನಡವನ್ನು ಯೂನಿಕೋಡಿನಲ್ಲಿ ಬರೆಯದೆ ಹಳೆಯ ಬಗೆಯ ಅಕ್ಷರಮಾದರಿಯಲ್ಲಿ ಬರೆದಿದ್ದರೆ, ಆ ಮಾದರಿಯು ನಕ್ಷೆಯೊಡನೆ ಹೋಗದಿದ್ದಾಗ ಕನ್ನಡವು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗುತ್ತದೆ. ನಮ್ಮ ಭಾಷೆಯನ್ನು ಓದಲಾರದ ಕಚೇರಿಯಲ್ಲಿ ಅದನ್ನು ತಪ್ಪೆಂದು ಗುರುತಿಸುವವರೂ ಇರಲಾರರು.

ಇವೆಲ್ಲ ಸಣ್ಣ ಸಂಗತಿಗಳೆಂದು ಭಾವಿಸಲಾಗದು. ಏರ್‌ಬಸ್ ಸಂಸ್ಥೆಯ ಎ-380 ವಿಮಾನದ ನಿರ್ಮಾಣದಲ್ಲಿ ಜರ್ಮನಿಯ ಹ್ಯಾಂಬರ್ಗಿನವರು ಕ್ಯಾಟಿಯಾ ಎಂಬ ತಂತ್ರಾಂಶದ ಹಳೆಯ ಆವೃತ್ತಿಯನ್ನೂ, ಫ್ರಾನ್ಸಿನ ಟುಲೂಸಿನವರು ಹೊಸದನ್ನೂ ಬಳಸುತ್ತಿದ್ದರು. ನಕ್ಷೆಗಳು ಪರಸ್ಪರ ಸರಿಯಾಗಿ ಹೊಂದಲಿಲ್ಲ; ಹ್ಯಾಂಬರ್ಗಿನಿಂದ ಬಂದ ವಿದ್ಯುತ್ತಂತಿಗಳ ಕಟ್ಟುಗಳು ವಿಮಾನದೊಳಗೆ ಕೂರಲಿಲ್ಲ. 2006ರಲ್ಲಿ ಬಯಲಾದ ಈ ತೊಡಕಿನಿಂದ ವಿಮಾನಗಳ ಪೂರೈಕೆಯು ಸುಮಾರು ಎರಡು ವರ್ಷ ತಡವಾಯಿತು. ಎರಡು ಊರುಗಳಲ್ಲಿಯೂ ಸಮರ್ಥರಾದ ಇಂಜಿನಿಯರರಿದ್ದರು. ಇಲ್ಲದಿದ್ದುದು ಅವರಿಬ್ಬರ ನಡುವಣ ಒಪ್ಪಂದ.

ಆ ಒಪ್ಪಂದದ ಸ್ವರೂಪವನ್ನು ಇಂದು ಐ.ಎಸ್.ಓ. 19650 ಎಂಬ ಅಂತರರಾಷ್ಟ್ರೀಯ ಪ್ರಮಾಣವು ತಿಳಿಸುತ್ತದೆ. ಅದರ ಮೊದಲ ಭಾಗಗಳು 2018ರಲ್ಲಿ ಪ್ರಕಟವಾದುವು. ಅದರಂತೆ ಕಡತವೊಂದಕ್ಕೆ ನಾಲ್ಕು ಸ್ಥಿತಿಗಳು: ಕೆಲಸ ನಡೆಯುತ್ತಿರುವುದು, ಹಂಚಿಕೊಂಡುದು, ಪ್ರಕಟಿತವಾದುದು, ದಾಖಲೆಗೆ ಸೇರಿದುದು. ಒಂದು ತಂಡವು ಬರೆಯುತ್ತಿರುವ ಅರೆನಕ್ಷೆಗೆ ಇನ್ನೊಂದು ತಂಡವು ಕೊಂಡಿ ಹಾಕತಕ್ಕದ್ದಲ್ಲ. ಪರಿಶೀಲಿಸಿ ಹಂಚಿಕೊಂಡ ಪ್ರತಿಗೆ ಮಾತ್ರ ಹಾಕಬೇಕು. ಬ್ಯಾಂಕಿನ ದಿನವಹಿಯಲ್ಲಿ ಬರೆದ ನಮೂದನ್ನು ಇನ್ನೊಬ್ಬ ಅಧಿಕಾರಿಯು ತಾಳೆನೋಡಿದ ಬಳಿಕವೇ ಖಾತೆಗೆ ಏರಿಸುವ ಕ್ರಮದ ತತ್ತ್ವವೂ ಇದೇ.

ಕೊಂಡಿಯು ಒಂದು ವಿಷಯದಲ್ಲಿ ನಕಲಿಗಿಂತ ದುರ್ಬಲವೆಂಬುದನ್ನೂ ಹೇಳಬೇಕು. ಮೂಲವು ಬದಲಾದಂತೆ ಕೊಂಡಿಯ ನಕ್ಷೆಯೂ ಬದಲಾಗುತ್ತದೆಯಾಗಿ, ಕಂಟ್ರಾಕ್ಟರನಿಗೆ ಅಂದು ಏನನ್ನು ಕೊಟ್ಟೆವೆಂಬುದಕ್ಕೆ ಸಾಕ್ಷ್ಯ ಉಳಿಯುವುದಿಲ್ಲ. ಹಣಪಾವತಿಯಲ್ಲಿ ವಿವಾದವೆದ್ದಾಗ, ಇಲ್ಲವೆ ಚಪ್ಪಡಿಯಲ್ಲಿ ಬಿಡಬೇಕಾದ ರಂಧ್ರವು ತೊಲೆಯ ಮೇಲೆಯೇ ಬಂದಾಗ, ಕೇಳುವ ಪ್ರಶ್ನೆ ಇದೇ ಆಗಿರುತ್ತದೆ. ಆದ್ದರಿಂದ ಕೆಲಸವು ನಡೆಯುವಾಗ ಕೊಂಡಿಯಿರಲಿ. ನಕ್ಷೆಯನ್ನು ಅಧಿಕೃತವಾಗಿ ಹೊರಡಿಸುವ ದಿನ ‘ಬೈಂಡ್’ ಎಂಬ ಆಜ್ಞೆಯಿಂದ ಎಲ್ಲವನ್ನೂ ಒಂದೇ ಕಡತವಾಗಿಸಿ, ದಿನಾಂಕ ಮತ್ತು ಪರಿಷ್ಕರಣದ ಸಂಖ್ಯೆಯನ್ನು ಹಾಕಿ, ಯಾರೂ ತಿದ್ದದಂತೆ ದಾಖಲೆಗೆ ಸೇರಿಸಬೇಕು.

ಒಟ್ಟಿನಲ್ಲಿ ಪ್ರತಿಯೊಂದು ಗೆರೆಗೂ ಒಬ್ಬನೇ ಒಡೆಯನಿರಬೇಕು. ಉಳಿದವರು ಅದನ್ನು ನೋಡಬಹುದು, ಆಧಾರವಾಗಿ ಬಳಸಬಹುದು, ತಿದ್ದಬಾರದು. ತಿದ್ದಬೇಕೆಂದು ತೋರಿದರೆ ಒಡೆಯನಿಗೆ ತಿಳಿಸಬೇಕು. ತಂತ್ರಾಂಶವು ಕೊಂಡಿಯನ್ನು ಹಾಕಬಲ್ಲುದು. ಗೆರೆಯು ಯಾರದು, ಎಂದಿನದು, ಯಾರು ಪರೀಕ್ಷಿಸಿದುದು ಎಂಬ ಮೂರನ್ನು ಗೊತ್ತುಮಾಡಿ ಬರೆದಿಡುವುದು ಮನುಷ್ಯರ ಕೆಲಸ. ನಿಲ್ದಾಣದ ಮೆಟ್ಟಿಲನ್ನು ಹತ್ತುವ ಸಾವಿರಾರು ಜನರು ಈ ನಕ್ಷೆಗಳನ್ನು ಎಂದಿಗೂ ನೋಡುವುದಿಲ್ಲ. ಆದರೂ ಪ್ರತಿ ಹೆಜ್ಜೆಯಲ್ಲಿಯೂ ಅವರು ಅವುಗಳನ್ನೇ ನಂಬಿ ನಡೆಯುತ್ತಾರೆ.