ಓಟವನ್ನು ಬಿಡಿಬಿಡಿಯಾಗಿ ಉಳಿಸುವುದು

ಗೇಮ್‌ನ ನಾಯಕ ಓಡುವಾಗ ಸಾಮಾನ್ಯವಾಗಿ ಅಲ್ಲಿ ವಿಡಿಯೊ ಓಡುತ್ತಿರುವುದಿಲ್ಲ. ವಿಡಿಯೊ ಶುರುವಾದರೆ ಕೊನೆತನಕ ತನ್ನ ಪಾಡಿಗೆ ಸಾಗುತ್ತದೆ. ಆಟಗಾರನ ಬೆರಳು ಅಷ್ಟು ಕಾಯುವುದಿಲ್ಲ. ಅರ್ಧ ಹೆಜ್ಜೆಯಲ್ಲೇ ಜಿಗಿ ಎನ್ನುತ್ತದೆ, ನಿಲ್ಲು ಎನ್ನುತ್ತದೆ. ಆದ್ದರಿಂದ ಅನಿಮೇಷನ್ನಿನ ಒಂದೊಂದು ಫ್ರೇಮನ್ನೂ ಬಿಡಿ ಚಿತ್ರವಾಗಿ ಉಳಿಸಿ, ಬೇಕಾದ ಕ್ಷಣಕ್ಕೆ ಬೇಕಾದದ್ದು ಕೈಗೆ ಸಿಗುವಂತೆ ಇಡಬೇಕು.

ಇದನ್ನು ಬಹಳ ಕಷ್ಟಪಟ್ಟು ಮಾಡಿದವರು ಅಮೆರಿಕದ ಜೋರ್ಡಾನ್ ಮೆಕ್ನರ್. 1989ರಲ್ಲಿ ಬಂದ 'ಪ್ರಿನ್ಸ್ ಆಫ್ ಪರ್ಷಿಯಾ' ಅವರದು. ತಮ್ಮ ಡೇವಿಡ್ ಓಡುವುದು, ಜಿಗಿಯುವುದನ್ನೆಲ್ಲ ಅವರು ವಿಡಿಯೊ ಮಾಡಿಕೊಂಡರು. ಟೀವಿ ಪರದೆಯಲ್ಲಿ ಅದನ್ನು ನಿಲ್ಲಿಸಿ ನಿಲ್ಲಿಸಿ ಫೋಟೊ ತೆಗೆದು, ಪ್ರಿಂಟ್‌ಗಳ ಮೇಲೆ ಕಪ್ಪು ಮಾರ್ಕರ್‌ನಿಂದ ದೇಹದ ಅಂಚು ತಿದ್ದಿ ಕಂಪ್ಯೂಟರಿಗೆ ಏರಿಸಿದರು. ಅಷ್ಟರಲ್ಲಿ ಆಪಲ್ 2ರ ಮೆಮೊರಿ ಭರ್ತಿ! ಎದುರಾಳಿಯ ಚಿತ್ರಗಳಿಗೆ ಜಾಗವೇ ಇಲ್ಲ. ಆಗ ರಾಜಕುಮಾರನ ಚಿತ್ರವನ್ನೇ ಒಂದು ಬಿಟ್ ಪಕ್ಕಕ್ಕೆ ಸರಿಸಿ, ಮೂಲಕ್ಕೂ ಅದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಪರದೆಗೆ ಬಿಟ್ಟರು. ಮಿನುಗುವ ನೆರಳು ಮನುಷ್ಯ ಹುಟ್ಟಿದ. ಗೇಮ್ ಚರಿತ್ರೆಯಲ್ಲಿ ಇಷ್ಟು ಚೆಂದದ ಉಪಾಯಗಳು ಕಡಿಮೆ.

ಮೆಮೊರಿಯ ಲೆಕ್ಕ ಇಂದಿಗೂ ತಪ್ಪಿಲ್ಲ. 256×256 ಪಿಕ್ಸೆಲ್‌ನ ಒಂದು ಫ್ರೇಮ್ ಡಿಸ್ಕ್‌ನಲ್ಲಿ ಪುಟ್ಟ ಪಿಎನ್‌ಜಿ ಫೈಲ್ ಆಗಿರಬಹುದು. ಆದರೆ ಪಿಕ್ಸೆಲ್‌ಗೆ 4 ಬೈಟ್‌ನಂತೆ ಅದು ಮೆಮೊರಿಯಲ್ಲಿ ಬಿಚ್ಚಿಕೊಂಡಾಗ 256 ಕೆಬಿ. 24 ಫ್ರೇಮ್‌ಗೆ 6 ಎಂಬಿ. ಗ್ರಾಫಿಕ್ಸ್ ಚಿಪ್‌ಗೆ ಮಾತುಮಾತಿಗೂ ಚಿತ್ರ ಬದಲಿಸುವುದೂ ಹೊರೆಯೇ. ಅದಕ್ಕೇ ಇಂಥ 64 ಫ್ರೇಮ್‌ಗಳನ್ನು 2048×2048ರ ಒಂದೇ ಹಾಳೆಗೆ ಜೋಡಿಸುತ್ತಾರೆ. ಇದೇ ಸ್ಪ್ರೈಟ್ ಶೀಟ್.

ಫ್ರೇಮ್‌ಗಳನ್ನು ಬಿಡಿ ಫೈಲ್‌ಗಳಾಗಿ ಎಕ್ಸ್‌ಪೋರ್ಟ್ ಮಾಡುವಾಗ ಕೆಲಸ ಕೆಡುವುದು ಸಣ್ಣ ಸಂಗತಿಗಳಲ್ಲಿ. ಜೆಪೆಗ್‌ಗೆ ಪಾರದರ್ಶಕ ಹಿನ್ನೆಲೆ ಇಲ್ಲ. ನಾಯಕನ ಸುತ್ತ ಬಿಳಿ ಚೌಕ ಉಳಿದುಬಿಡುತ್ತದೆ. ಫೈಲ್‌ಗಳಿಗೆ 1, 2, 10 ಎಂದು ಹೆಸರಿಟ್ಟರೆ ಎಷ್ಟೋ ಪ್ರೋಗ್ರಾಮ್‌ಗಳು 1 ಆದಮೇಲೆ 10 ಎತ್ತಿಕೊಳ್ಳುತ್ತವೆ, ಓಟ ಮುಗ್ಗರಿಸುತ್ತದೆ. 0001, 0002 ಎಂದೇ ಬರೆಯಬೇಕು. ಖಾಲಿ ಅಂಚು ಉಳಿಯಿತೆಂದು ಒಂದೊಂದು ಫ್ರೇಮನ್ನು ಒಂದೊಂದು ಅಳತೆಗೆ ಕತ್ತರಿಸಿ, ಎಷ್ಟು ಕತ್ತರಿಸಿದಿರೆಂದು ಬರೆದಿಡದಿದ್ದರೆ ಪಾತ್ರದ ಕಾಲು ನೆಲದ ಮೇಲೆ ನಡುಗುತ್ತದೆ.

ಅನಿಮೇಷನ್ ಮಾಡಲು ಬರುವ ಬ್ಲೆಂಡರ್, ಕ್ರಿಟಾ ಪ್ರೋಗ್ರಾಮ್‌ಗಳು ಎರಡೂ ಉಚಿತ. ಆಸಕ್ತಿಯಿರುವ ಮಕ್ಕಳಿಗೆ ಎಂಟು ಫ್ರೇಮ್‌ಗಳ ಒಂದು ನಡಿಗೆ ಬಿಡಿಸಲು ಹೇಳಿ. ಒಂಬತ್ತನೆಯದಾಗಿ ಮೊದಲ ಭಂಗಿಯನ್ನೇ ಮತ್ತೆ ಇಟ್ಟಿದ್ದರೆ ಅದನ್ನು ಎಕ್ಸ್‌ಪೋರ್ಟ್ ಮಾಡುವುದು ಬೇಡ. ಮಾಡಿದರೆ ಪ್ರತಿ ಸುತ್ತಿನ ಕೊನೆಗೂ ನಡಿಗೆ ಒಂದು ಕ್ಷಣ ತಡೆದು ನಿಲ್ಲುತ್ತದೆ.