ಬನ್ನಿನೊಳಗೆ ಬಿಸಿ ಬಿಸಿ ಕೈಮಾ ಉಂಡೆ: ಅಪ್ಪನ ರಾತ್ರಿ ಊಟದ ಕಥೆ

ಬೆಂಗಳೂರಲ್ಲಿ ಕೆಲಸ ಮಾಡೋ ನಾವೆಲ್ಲ ರಾತ್ರಿ ಊರಿಗೆ ಫೋನ್ ಮಾಡಿದ್ರೆ ಕೇಳೋ ಮೊದಲ ಪ್ರಶ್ನೆ ಒಂದೇ: "ಊಟ ಆಯ್ತಾ?" ಅವ್ವ ತೀರಿಕೊಂಡ ಮೇಲೆ ನಾಗಮಂಗಲದ ಮನೆಯಲ್ಲಿ ಒಬ್ಬರೇ ಉಳಿದ ಅಪ್ಪನಿಗೆ ಏಳು ತಿಂಗಳು ನಾನೂ ಇದನ್ನೇ ಕೇಳಿದೆ. ಅವರೂ ಪ್ರತಿ ದಿನ "ಆಯ್ತು ಕಣವ್ವ" ಅಂದ್ರು. ನಾನು ನಂಬಿದೆ.

ಒಂದು ಶನಿವಾರ ಹೇಳದೆ ಕೇಳದೆ ಬಸ್ಸು ಹತ್ತಿದೆ. ಕುಣಿಗಲ್, ಬೆಳ್ಳೂರು ಕ್ರಾಸ್ ದಾಟಿ ಮನೆ ಸೇರಿದಾಗ ರಾತ್ರಿ ಎಂಟು. ಅಪ್ಪ ಟಿವಿ ಮುಂದೆ ಕೂತು ಟೀಗೆ ಬನ್ನು ಅದ್ದಿಕೊಂಡು ತಿಂತಿದ್ರು. ಅಡುಗೆಮನೆ ಬಾಗಿಲ ಹಿಂದಿನ ಮೊಳೆಗೆ ಬೇಕರಿ ಕವರುಗಳ ಕಂತೆ. ಅವರ ವಾಚಿನ ಬೆಲ್ಟಿಗೆ ಹೊಸದಾಗಿ ಒಂದು ತೂತು ಬಿದ್ದಿತ್ತು. "ಮಧ್ಯಾಹ್ನ ಹೋಟ್ಲಲ್ಲಿ ಉಣ್ತೀನಿ. ರಾತ್ರಿ ಒಬ್ಬನಿಗೆ ಯಾವನು ಮುದ್ದೆ ತಿರುವ್ತಾನೆ?" ಅಂದ್ರು. ಬೆಂಗಳೂರಿಗೆ ಬನ್ನಿ ಅಂದ್ರೆ ಒಲ್ಲೆ. ಅಡುಗೆಯವರನ್ನ ಗೊತ್ತು ಮಾಡ್ತೀನಿ ಅಂದ್ರೂ ಒಲ್ಲೆ.

ಬಸ್ಸಲ್ಲಿ ವಾಪಸ್ ಬರುವಾಗ ಹೊಳೆದಿದ್ದು ಇಷ್ಟೇ: ಅಪ್ಪ ಬನ್ನು ಬಿಡಲ್ಲ. ಸರಿ, ಬನ್ನಿನೊಳಗೆ ಊಟ ಇಟ್ರಾಯ್ತು!

ನಮ್ಮ ಉಂಡೆ, ಅವರ ಮೀಟ್‌ಬಾಲ್

ಮಂಡ್ಯ ಜಿಲ್ಲೆಯವರಿಗೆ ಬಾಡಿನ ಬಗ್ಗೆ ಹೇಳಿಕೊಡೋದು ಬೇಡ. ಯುಗಾದಿ ಮಾರನೇ ದಿನದ ಹೊಸತೊಡಕಿಗೆ ಗುಡ್ಡೆ ಬಾಡಿಗಾಗಿ ಕಾಯೋ ಜನ ನಾವು. 2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ 87ನೇ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗಲೂ ಬಾಡೂಟ ಹಾಕಿಸಿ ಅಂತ ಬೇಡಿಕೆ ಇಟ್ಟ ಊರು ನಮ್ಮದು. ಆ ಅಡುಗೆಯಲ್ಲಿ ಕೈಮಾ ಉಂಡೆ ಸಾರಿಗೆ ಒಂದು ಮರ್ಯಾದೆ ಇದೆ. ನೆಂಟರು ಬಂದ್ರೆ ಮಾತ್ರ ಆಗೋದು.

ಕೈಯಲ್ಲಿ ಕೊಚ್ಚೋದರಿಂದ 'ಕೈಮಾ' ಅಂತ ಚಿಕ್ಕವಳಿದ್ದಾಗ ಅಂದುಕೊಂಡಿದ್ದೆ. ಅದು ಟರ್ಕಿ ಭಾಷೆಯ ಮಾತು, ಅರ್ಥ ಕೊಚ್ಚಿದ ಮಾಂಸ. ಪರ್ಷಿಯನ್, ಉರ್ದು ದಾಟಿ ನಮ್ಮ ಮನೆಗೆ ಬಂದಿದೆ. ಶ್ರೀರಂಗಪಟ್ಟಣದ ನನ್ನ ಗೆಳತಿ ಮನೆಯಲ್ಲಿ ಇದೇ ಉಂಡೆಗೆ ಕೋಫ್ತಾ ಅಂತಾರೆ. ಇಟಲಿಯಿಂದ ಅಮೆರಿಕಕ್ಕೆ ವಲಸೆ ಹೋದವರು ತಮ್ಮ ಉಂಡೆಯನ್ನ ಉದ್ದನೆ ಬ್ರೆಡ್ಡಿನೊಳಗೆ ಟೊಮೆಟೊ ಗೊಜ್ಜಿನ ಜೊತೆ ತುಂಬಿದ್ರು. ಅದೇ ಇವತ್ತು ಕೆಫೆಗಳಲ್ಲಿ ಸಿಗೋ ಮೀಟ್‌ಬಾಲ್ ಸ್ಯಾಂಡ್‌ವಿಚ್. ಮುಂಬೈಯವರದು ಕೀಮಾ ಪಾವ್. ಹಾಗಿದ್ದ ಮೇಲೆ ನಾಗಮಂಗಲದ ಬನ್ನೇನು ಪಾಪ ಮಾಡಿತ್ತು?

ಮೊದಲ ಸಲ ಉಂಡೆ ಒಡೆದಿದ್ದು

ಮುಂದಿನ ಭಾನುವಾರ ಅರ್ಧ ಕೆಜಿ ಕೈಮಾ ತಂದೆ. ಚೆನ್ನಾಗಿ ಮೂರು ನೀರಲ್ಲಿ ತೊಳೆದೆ, ಉಂಡೆ ಕಟ್ಟಿ ಸಾರಿಗೆ ಬಿಟ್ಟೆ. ಹತ್ತು ನಿಮಿಷಕ್ಕೆ ಉಂಡೆ ಮಾಯ, ಪಾತ್ರೆ ತುಂಬ ಕೈಮಾ ಗಂಜಿ. ಅಪ್ಪ ಮಾತಾಡದೆ ಅದನ್ನೇ ಬನ್ನಿಗೆ ಸುರಿದುಕೊಂಡು ತಿಂದ್ರು. ಕೈ ತೊಳೆಯುವಾಗ ಮೆಲ್ಲಗೆ ಅಂದ್ರು, "ನಿಮ್ಮವ್ವ ಕೈಮಾ ತೊಳೀತಿರಲಿಲ್ಲ ಕಣವ್ವ. ಬಾಡು ತೊಳೆದು ಒರೆಸಿ ಆಮೇಲೆ ಕೊಚ್ಚೋಳು."

ನಲವತ್ತು ವರ್ಷ ಅಡುಗೆಮನೆ ಕಡೆ ತಲೆ ಹಾಕದ ಮನುಷ್ಯ ಅಂತ ನಾನು ತಿಳಿದಿದ್ದೆ. ಬಾಗಿಲಲ್ಲಿ ನಿಂತು ಎಲ್ಲಾ ನೋಡಿದ್ದಾರೆ! ಅವ್ವ ಒಂದನ್ನೂ ಬರೆದಿಟ್ಟಿರಲಿಲ್ಲ. ಅವತ್ತಿಂದ ಅಪ್ಪನನ್ನೇ ಒಲೆ ಪಕ್ಕ ಕುರ್ಚಿ ಹಾಕಿ ಕೂರಿಸಿದೆ. ಅವರು ಹೇಳೋದು, ನಾನು ಮಾಡೋದು. ಕೆ.ಆರ್.ಪೇಟೆ ಚಿಕ್ಕಮ್ಮನಿಗೂ ಪಾಂಡವಪುರದ ಅತ್ತೆಗೂ ಫೋನ್ ಮಾಡಿದೆ. ಚಿಕ್ಕಮ್ಮ ಪುದೀನ ಹಾಕಲೇಬೇಕು ಅಂದ್ರು, ಅತ್ತೆ ಹಾಕಲೇಬಾರದು ಅಂದ್ರು. ನಾನು ಸ್ವಲ್ಪ ಹಾಕಿದೆ.

ಉಂಡೆ ಮಾಡೋದು ಹೀಗೆ

ಸುಮಾರು 20 ಉಂಡೆಗೆ ಅರ್ಧ ಕೆಜಿ ಮೂಳೆ ಇಲ್ಲದ ಕುರಿ ಮಾಂಸ ಬೇಕು. ತೊಡೆ ಕಡೆಯದು, ಸ್ವಲ್ಪ ಕೊಬ್ಬಿರಲಿ; ಪೂರಾ ಕೊಬ್ಬು ತೆಗೆಸಿದ್ರೆ ಉಂಡೆ ಕಲ್ಲಾಗುತ್ತೆ. ಅಂಗಡಿಯಲ್ಲಿ ತೊಳೆಸಿ, ಒರೆಸಿ, ಆಮೇಲೆ ಕೈಮಾ ಹೊಡೆಸಿ. ತೊಳೆದ ಕೈಮಾ ನೀರು ಹಿಡಿದುಕೊಂಡು ಒಡೆಯುತ್ತೆ.

ಕೈಮಾಗೆ ಮೊದಲು ಉಪ್ಪು ಹಾಕಿ ಎರಡು ಮೂರು ನಿಮಿಷ ಚೆನ್ನಾಗಿ ನಾದಿ. ಉಪ್ಪು ಮಾಂಸದೊಳಗಿನ ಪ್ರೊಟೀನ್ ಬಿಡಿಸುತ್ತೆ, ಅದೇ ಅಂಟು. ಮೊಟ್ಟೆ ಬೇಕಾಗಲ್ಲ. ಆಮೇಲೆ ಕಾಲು ಬಟ್ಟಲು ತೆಂಗಿನಕಾಯಿ, 8 ಎಸಳು ಬೆಳ್ಳುಳ್ಳಿ, ಒಂದಿಂಚು ಶುಂಠಿ, 4 ಹಸಿಮೆಣಸಿನಕಾಯಿ, ಒಂದಿಂಚು ಚಕ್ಕೆ, 3 ಲವಂಗ, ಕೊತ್ತಂಬರಿ, ನಾಲ್ಕೆಲೆ ಪುದೀನ ಇವನ್ನ ನೀರು ಹಾಕದೆ ರುಬ್ಬಿ ಸೇರಿಸಿ. ಕೊನೆಗೆ 4 ಚಮಚ ಹುರಿಗಡಲೆ ಪುಡಿ. ಉಳಿದ ನೀರನ್ನೆಲ್ಲ ಅದು ಹೀರಿಕೊಳ್ಳುತ್ತೆ. ನಿಂಬೆಹಣ್ಣಿನ ಗಾತ್ರಕ್ಕೆ ಬಿರುಕಿಲ್ಲದಂತೆ ಉಂಡೆ ಕಟ್ಟಿ.

ಬನ್ನಿಗೆ ತೆಳು ಸಾರು ಆಗಲ್ಲ, ಗೊಜ್ಜು ಬೇಕು. ಎರಡು ಈರುಳ್ಳಿ ಕೆಂಪಗೆ ಹುರಿದು, 4 ಟೊಮೆಟೊ, ಖಾರದ ಪುಡಿ, ಧನಿಯಾ ಪುಡಿ, ಅರಿಶಿನ, ಉಪ್ಪು ಹಾಕಿ ಬೇಯಿಸಿ. ಅಡಿಕೆ ಗಾತ್ರದ ಬೆಲ್ಲ ಮರೀಬೇಡಿ, ಆಲೆಮನೆ ಸೀಮೆಯವರು ನಾವು. ಎರಡು ಲೋಟ ನೀರು ಹಾಕಿ, ಕುದಿ ಬಂದ ಮೇಲೆ ಉಂಡೆಗಳನ್ನ ಒಂದೊಂದಾಗಿ ಬಿಡಿ. ಹತ್ತು ನಿಮಿಷ ಸೌಟು ಮುಟ್ಟಬೇಡಿ. ಬೇಕಿದ್ರೆ ಪಾತ್ರೆಯನ್ನೇ ಹಿಡಿದು ಅಲ್ಲಾಡಿಸಿ. ಸಣ್ಣ ಉರಿಯಲ್ಲಿ ಒಟ್ಟು 25 ನಿಮಿಷ ಬೆಂದು ಗೊಜ್ಜು ಗಟ್ಟಿಯಾಗಲಿ.

ಬನ್ನು ಮೆತ್ತಗಾಗದಿರಲು

ಸಿಹಿ ಬನ್ನು ಬೇಡ, ಸಾದಾ ಬನ್ನು ಅಥವಾ ಪಾವ್ ತನ್ನಿ. ಒಂದು ತಮಾಷೆ ನೋಡಿ: ನಮ್ಮ ಊರೂರಿನ ಅಯ್ಯಂಗಾರ್ ಬೇಕರಿಗಳನ್ನ ಕಟ್ಟಿದವರಲ್ಲಿ ಬಹಳ ಮಂದಿ ಹಾಸನ ಕಡೆಯ ಸಸ್ಯಾಹಾರಿ ಕುಟುಂಬದವರು. ಅವರ ಬನ್ನಿಗೆ ನಮ್ಮ ಬಾಡು ಎಷ್ಟು ಚೆನ್ನಾಗಿ ಹೊಂದಿಕೊಳ್ಳುತ್ತೆ ಅಂತ!

ಬನ್ನನ್ನ ಪೂರ್ತಿ ಕತ್ತರಿಸದೆ ಪುಸ್ತಕದ ಹಾಗೆ ಬಿಡಿಸಿ, ಒಳಮೈಗೆ ತುಪ್ಪ ಸವರಿ ಕಾವಲಿ ಮೇಲೆ ಕೆಂಪಗೆ ಸುಡಿ. ಆ ಗರಿ ಪದರ ಇದ್ರೆ ಗೊಜ್ಜು ಬೇಗ ಇಳಿಯಲ್ಲ. ಬನ್ನಿಗೆ ಎರಡು ಉಂಡೆ ಸಾಕು. ಪ್ರತಿ ಉಂಡೆಯನ್ನ ಅರ್ಧ ಮಾಡಿ ಕತ್ತರಿಸಿದ ಮೈ ಕೆಳಗಿಟ್ರೆ ಉರುಳಲ್ಲ. ಮೇಲೆ ಎರಡು ಚಮಚ ಗೊಜ್ಜು, ನಿಂಬೆರಸ ಹಿಂಡಿದ ಈರುಳ್ಳಿ. ಮುಚ್ಚಿ, ಕಾವಲಿ ಮೇಲೆ ತಟ್ಟೆ ಕವುಚಿ ಒಂದು ನಿಮಿಷ ಬಿಡಿ. ಚೀಸ್ ಹಾಕ್ತೀರಾ? ನಿಮ್ಮಿಷ್ಟ. ಅಪ್ಪ ಒಂದು ಸಲ ನೋಡಿ "ಇದೇನು ಮೇಣ?" ಅಂದ್ರು, ನಾನು ಬಿಟ್ಟೆ.

ಡಬ್ಬಿ ಲೆಕ್ಕ

ನಾಲ್ಕು ನಾಲ್ಕು ಉಂಡೆಯಂತೆ ಗೊಜ್ಜಿನ ಸಮೇತ ಐದು ಡಬ್ಬಿ. ಮಾಡಿದ ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕು. ಕೆಳಗೆ ಇಟ್ರೆ ಮೂರು ದಿನ, ಫ್ರೀಜರ್‌ನಲ್ಲಿ ಒಂದು ತಿಂಗಳು. ಬೆಳಿಗ್ಗೆ ಒಂದು ಡಬ್ಬಿ ಕೆಳಗಿನ ಖಾನೆಗೆ ಇಳಿಸಿ, ರಾತ್ರಿ ಕುದಿ ಬರೋ ತನಕ ಬಿಸಿ ಮಾಡಬೇಕು. ಕರೆಂಟು ತುಂಬ ಹೊತ್ತು ಹೋಗಿ ಪೂರಾ ಕರಗಿ ಬೆಚ್ಚಗಾಗಿದ್ರೆ ಎಸೆಯಿರಿ, ಆಸೆ ಬೇಡ. ವಾರಕ್ಕೆ ಎರಡು ಮೂರು ರಾತ್ರಿ ಉಂಡೆ ಬನ್ನು, ಮಿಕ್ಕ ದಿನ ಮೊಸರನ್ನ ಇಲ್ಲ ಮೊಟ್ಟೆ. ಅಪ್ಪನಿಗೆ ಬಿಪಿ ಇರೋದ್ರಿಂದ ಉಪ್ಪು ಕಡಿಮೆ.

ಹೋದ ತಿಂಗಳು ಆಫೀಸ್ ಕೆಲಸದಲ್ಲಿ ಎರಡು ವಾರ ಊರಿಗೆ ಹೋಗೋಕೆ ಆಗಲಿಲ್ಲ. ಡಬ್ಬಿ ಖಾಲಿಯಾಗಿರುತ್ತೆ, ಮತ್ತೆ ಟೀ ಬನ್ನೇ ಗತಿ ಅಂತ ಹೊಟ್ಟೆ ಉರೀತಿತ್ತು. ಒಂದು ರಾತ್ರಿ ವಾಟ್ಸಾಪಿಗೆ ಫೋಟೋ ಬಂತು. ಅಲ್ಯೂಮಿನಿಯಂ ಪಾತ್ರೆಯಲ್ಲಿ ಒಂದು ದೊಡ್ಡದು, ಒಂದು ಚಿಕ್ಕದು ಅಂತ ಸೊಟ್ಟ ಸೊಟ್ಟ ಉಂಡೆಗಳು. ಎಣಿಸಿದೆ, ಹದಿನೇಳು. ಎರಡು ಒಡೆದಿದ್ವು.

ತಕ್ಷಣ ಫೋನ್ ಮಾಡಿದೆ. ಈಗ ನಾನು "ಊಟ ಆಯ್ತಾ" ಅಂತ ಕೇಳಲ್ಲ. ಆ ಪ್ರಶ್ನೆಗೆ "ಆಯ್ತು" ಅಂತ ಸುಳ್ಳು ಹೇಳೋದು ಸುಲಭ. ನೀವೂ ಇವತ್ತು ರಾತ್ರಿ ಊರಿಗೆ ಫೋನ್ ಮಾಡಿದಾಗ ಬೇರೆ ಥರ ಕೇಳಿ ನೋಡಿ.

"ಏನ್ ಊಟ ಅಪ್ಪ?"

"ಉಂಡೆ ಉಂಡೆ ಕಣವ್ವ," ಅಂದ್ರು ಅಪ್ಪ. ಏಳೆಂಟು ತಿಂಗಳಲ್ಲಿ ಅವರು ನಕ್ಕಿದ್ದು ಅವತ್ತೇ ಕೇಳಿಸಿದ್ದು.