ಮಂಜುಗಡ್ಡೆಯ ಮೇಲೆ ಚಾಚಿದ ಕೈ

ವೈರಿಗೆ ಉಪಕಾರ ಮಾಡಬೇಕೆಂಬ ಮಾತು ಬೈಬಲಿನಲ್ಲಿ ಯೇಸುವಿಗಿಂತಲೂ ಹಳೆಯದು. ಹಗೆಯವನ ಎತ್ತೋ ಕತ್ತೆಯೋ ದಾರಿ ತಪ್ಪಿ ಅಲೆಯುತ್ತಿದ್ದರೆ ಹಿಡಿದು ತಂದು ಅವನಿಗೆ ಒಪ್ಪಿಸಬೇಕೆಂಬುದು ವಿಮೋಚನಕಾಂಡದ ಕಟ್ಟಳೆ. ಹಸಿದ ವೈರಿಗೆ ಊಟ, ಬಾಯಾರಿದವನಿಗೆ ನೀರು ಕೊಡಬೇಕೆಂಬ ಜ್ಞಾನೋಕ್ತಿಯನ್ನು ಪೌಲ ರೋಮಾಪುರದವರಿಗೆ ಬರೆದ ಪತ್ರದ 12ನೇ ಅಧ್ಯಾಯದಲ್ಲಿ ಮತ್ತೆ ಎತ್ತಿ ಹೇಳುತ್ತಾನೆ. ಮತ್ತಾಯನ ಸುವಾರ್ತೆಯಲ್ಲಿ ಯೇಸು ಇನ್ನೂ ಮುಂದೆ ಹೋಗಿ, ಹಿಂಸಿಸುವವರಿಗಾಗಿ ಪ್ರಾರ್ಥಿಸಲು ಹೇಳುತ್ತಾನೆ. ಇವೆಲ್ಲ ಕೇಳುವುದು ಮಾಡಿ ತೋರಿಸುವ ಕೆಲಸವನ್ನು. ಮನಸ್ಸು ಕರಗಿದ ಮೇಲೆ ನೋಡೋಣ ಎಂದು ಕಾಯಲು ಅಲ್ಲಿ ಎಡೆಯಿಲ್ಲ.

ಈ ಮಾತನ್ನು ಅಕ್ಷರಶಃ ನಡೆಸಲು ಹೊರಟವರಲ್ಲಿ 16ನೇ ಶತಮಾನದ ಅನಾಬ್ಯಾಪ್ಟಿಸ್ಟರು ಮುಖ್ಯರು. 1525ರಲ್ಲಿ ಜ್ಯೂರಿಕ್‌ನಲ್ಲಿ ಹುಟ್ಟಿದ ಈ ಪಂಥ, ಹಸುಗೂಸಿಗೆ ಕೊಡುವ ದೀಕ್ಷಾಸ್ನಾನವನ್ನು ಒಪ್ಪದೆ, ಬುದ್ಧಿ ಬಂದ ಮೇಲೆ ಸ್ವಂತ ನಂಬಿಕೆಯಿಂದ ಪಡೆಯುವುದೇ ನಿಜವಾದ ದೀಕ್ಷೆ ಎಂದಿತು. ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟೆಂಟ್ ಆಳರಸರಿಬ್ಬರಿಗೂ ಇದು ಅಪರಾಧವಾಗಿ ಕಂಡಿತು. ನೆದರ್‌ಲೆಂಡ್ಸ್‌ನಲ್ಲಿ ಮೆನ್ನೊ ಸೈಮನ್ಸ್‌ನ ಬೋಧನೆಯಿಂದ ಈ ಜನ ಕತ್ತಿಯನ್ನು ಪೂರ್ತಿ ಬಿಟ್ಟರು. ಆಗ ಆ ನಾಡು ಸ್ಪೇನ್ ದೊರೆಯ ಕೈಯಲ್ಲಿತ್ತು.

ಅಲ್ಲಿನ ಆಸ್ಪೆರೆನ್ ಎಂಬ ಪುಟ್ಟ ಊರಿನವನು ಡರ್ಕ್ ವಿಲೆಮ್ಸ್. ಯೌವನದಲ್ಲೇ ಮರುದೀಕ್ಷೆ ಪಡೆದು, ತನ್ನ ಮನೆಯಲ್ಲಿ ಗುಟ್ಟಾಗಿ ಕೂಟ ನಡೆಸಲು, ಬೇರೆಯವರಿಗೆ ದೀಕ್ಷೆ ಕೊಡಿಸಲು ಎಡೆ ಮಾಡಿಕೊಟ್ಟಿದ್ದ. ಹಿಡಿಯಲು ಬಂದವನಿಂದ ತಪ್ಪಿಸಿಕೊಂಡು ಓಡುವಾಗ ಎದುರಿಗೆ ಹೆಪ್ಪುಗಟ್ಟಿದ ನೀರು. ತೆಳ್ಳಗಿನ ಮಂಜುಗಡ್ಡೆಯ ಮೇಲೆ ಜೀವ ಕೈಯಲ್ಲಿ ಹಿಡಿದು ಡರ್ಕ್ ಹೇಗೋ ಆಚೆ ದಡ ಸೇರಿದ. ಬೆನ್ನಟ್ಟಿದವನ ಕಾಲ ಕೆಳಗೆ ಮಂಜು ಒಡೆಯಿತು. ಡರ್ಕ್ ಹಿಂತಿರುಗಿ ಬಂದು ಅವನನ್ನು ಮೇಲೆತ್ತಿದ. ಬದುಕಿಕೊಂಡವನಿಗೆ ಇವನನ್ನು ಬಿಟ್ಟುಬಿಡುವ ಮನಸ್ಸಿತ್ತು. ಆದರೆ ಊರಿನ ಮುಖ್ಯಾಧಿಕಾರಿ, ತೊಟ್ಟ ಪ್ರಮಾಣ ಮರೆಯಬೇಡವೆಂದು ಗದರಿಸಿದ. ಎತ್ತಿದ ಕೈಗೇ ಬೇಡಿ ಬಿತ್ತು. 1569ರ ಮೇ 16ರಂದು ಡರ್ಕ್‌ನನ್ನು ಜೀವಂತ ಸುಟ್ಟರು. ಜೋರಾದ ಮೂಡಣ ಗಾಳಿ ಬೆಂಕಿಯನ್ನು ದೇಹದ ಮೇಲ್ಭಾಗದಿಂದ ಆಚೆಗೆ ತಳ್ಳಿದ್ದರಿಂದ ಸಾವು ಬಹಳ ಹೊತ್ತು ಹಿಡಿಯಿತು. ತೀರ್ಪಿನಲ್ಲಿ ಮರುದೀಕ್ಷೆ, ಗುಪ್ತ ಕೂಟಗಳ ಆರೋಪಗಳಿವೆ. ಉಳಿಸಿದ ಜೀವದ ಮಾತಿಲ್ಲ.

ಹಾಗಾದರೆ ಆ ಉಪಕಾರದಿಂದ ಏನಾಯಿತು? ಗ್ರೀಕಿನಲ್ಲಿ ‘ಮಾರ್ತುಸ್’ ಎಂದರೆ ಮೊದಲಿಗೆ ಸಾಕ್ಷಿ ಹೇಳುವವನು ಎಂದಷ್ಟೇ ಅರ್ಥ; ನಂಬಿಕೆಗಾಗಿ ಸತ್ತವರನ್ನು ಸೂಚಿಸಲು ಅದು ಆಮೇಲೆ ನಿಂತಿತು. ಕನ್ನಡ ಕ್ರೈಸ್ತರ ‘ರಕ್ತಸಾಕ್ಷಿ’ ಎಂಬ ಪದದಲ್ಲಿ ಎರಡೂ ಅರ್ಥ ಒಟ್ಟಿಗೆ ಉಳಿದಿವೆ. ಸಾಕ್ಷಿಯ ಕೆಲಸ ಗೆಲ್ಲುವುದಲ್ಲ, ಕಂಡದ್ದನ್ನು ಹೇಳುವುದು. ಡರ್ಕ್ ತಾನು ನಂಬಿದ್ದನ್ನು ಕೈ ಚಾಚಿ ಹೇಳಿದ. 1660ರಲ್ಲಿ ಟೀಲೆಮನ್ ವಾನ್ ಬ್ರಾಹ್ತ್ ಪ್ರಕಟಿಸಿದ ‘ಹುತಾತ್ಮರ ಕನ್ನಡಿ’ ಎಂಬ ಡಚ್ ಗ್ರಂಥದಲ್ಲಿ ಈ ಪ್ರಸಂಗ ದಾಖಲಾಯಿತು. 1685ರ ಮುದ್ರಣಕ್ಕೆ ಯಾನ್ ಲೌಕನ್ 104 ಚಿತ್ರಗಳನ್ನು ಕೆತ್ತಿದ. ಅವುಗಳಲ್ಲಿ ಎಲ್ಲರೂ ನೆನಪಿಡುವುದು ಇದನ್ನೇ: ಒಬ್ಬ ಎದೆಮಟ್ಟ ನೀರಿನಲ್ಲಿ, ಇನ್ನೊಬ್ಬ ಮಂಜಿನ ಅಂಚಿನಲ್ಲಿ ಬಾಗಿ ಎರಡೂ ಕೈ ಚಾಚಿದ್ದಾನೆ. ನೂರು ಉಪದೇಶಕ್ಕಿಂತ ಈ ಚಿತ್ರದ ತೂಕ ಹೆಚ್ಚು.

ಅಮೆರಿಕದ ಆಮಿಶ್ ಜನ ಇದೇ ಪಂಥದ ಕವಲು. ಅವರ ಎಷ್ಟೋ ಮನೆಗಳಲ್ಲಿ ಈ ಗ್ರಂಥ ಇಂದಿಗೂ ಇದೆ. 2006ರ ಅಕ್ಟೋಬರ್ 2ರಂದು ಪೆನ್ಸಿಲ್ವೇನಿಯದ ನಿಕಲ್ ಮೈನ್ಸ್‌ನಲ್ಲಿ ಬಂದೂಕುಧಾರಿಯೊಬ್ಬ ಆಮಿಶ್ ಶಾಲೆಗೆ ನುಗ್ಗಿ ಐವರು ಹುಡುಗಿಯರನ್ನು ಕೊಂದು, ತನ್ನ ಪ್ರಾಣವನ್ನೂ ತೆಗೆದುಕೊಂಡ. ಅದೇ ದಿನ ಆಮಿಶರು ಅವನ ಮನೆಯವರಿಗೆ ಸಾಂತ್ವನ ಹೇಳಲು ಹೋದರು. ಅವನ ಅಂತ್ಯಕ್ರಿಯೆಗೂ ಬಂದು ನಿಂತರು. ತಮಗೆ ಹರಿದುಬಂದ ನೆರವಿನ ಹಣದಲ್ಲಿ ಅವನ ಹೆಂಡತಿ ಮಕ್ಕಳಿಗೂ ಪಾಲು ಕೊಟ್ಟರು. ಮುಂದೆ ಅವನ ತಾಯಿ, ಆ ದಾಳಿಯಲ್ಲಿ ಗಾಯಗೊಂಡು ಏಳಲಾರದಂತಾದ ಒಬ್ಬ ಹುಡುಗಿಯ ಮನೆಗೆ ವಾರಕ್ಕೊಮ್ಮೆ ಹೋಗಿ, ಸ್ನಾನ ಮಾಡಿಸಿ, ಪುಸ್ತಕ ಓದಿ ಹೇಳಿ ಬರುತ್ತಿದ್ದರು.